ಕೂರಿಗೆಯ ಸೀಮೆಯಲ್ಲಿ ಬೈಬಲ್ ಪ್ರಸಂಗ

ಕ್ರೈಸ್ತರ ಭಾನುವಾರದ ಆರಾಧನೆಯಲ್ಲಿ ಬೈಬಲಿನ ಒಂದು ಭಾಗ ಓದಿ, ಅದರ ಅರ್ಥವನ್ನು ಸಭೆಗೆ ಬಿಡಿಸಿ ಹೇಳುವುದಕ್ಕೆ ಪ್ರಸಂಗವೆಂದು ಹೆಸರು. ಕ್ಯಾಥೊಲಿಕರು ಇದನ್ನು ಪ್ರಬೋಧನೆ ಎನ್ನುತ್ತಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ‘ವಾಕ್ಯ ಹೇಳೋದು’ ಎಂಬ ಮಾತೇ ರೂಢಿ. ಹೆಸರು ಯಾವುದಾದರೂ ಅದರಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಎರಡು ಸಾವಿರ ವರ್ಷ, ಕೆಲವೆಡೆ ಅದಕ್ಕೂ ಹಿಂದಿನ ಬರಹವೊಂದು ಅಂದಿನವರಿಗೆ ಏನು ಹೇಳಿತು ಎಂದು ತಿಳಿಯಬೇಕು. ಅದು ಇಂದು ಎದುರಿಗೆ ಕುಳಿತವರಿಗೆ ಏನು ಹೇಳುತ್ತದೆ ಎಂದು ತಿಳಿಸಬೇಕು. ಮೊದಲನೆಯದು ವ್ಯಾಖ್ಯಾನ, ಎರಡನೆಯದು ಉಪದೇಶ. ಪ್ರಸಂಗ ಸಪ್ಪೆಯಾಯಿತು ಎಂದು ಜನ ಗೊಣಗಿದಾಗ ಸಾಮಾನ್ಯವಾಗಿ ದೂರು ಹೋಗುವುದು ಪ್ರಸಂಗಿಯ ದನಿ, ಕೈಸನ್ನೆ, ಉದ್ದದ ಮೇಲೆ. ತಪ್ಪು ಬಹಳ ಸಲ ಅದಕ್ಕೂ ಹಿಂದೆ, ವ್ಯಾಖ್ಯಾನವನ್ನೇ ಹಾರಿಸಿ ಉಪದೇಶಕ್ಕೆ ಇಳಿದದ್ದರಲ್ಲಿ ಇರುತ್ತದೆ.

ಉತ್ತರ ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಚ್ಚುಕಡಿಮೆ ಇನ್ನೂರು ವರ್ಷದ ಹಿನ್ನೆಲೆ ಇದೆ. ಕನ್ನಡದ ಹೊಸ ಒಡಂಬಡಿಕೆ 1823ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1830ರ ದಶಕದ ಮೊದಲಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗ-ಬೆಟಗೇರಿಗೆ ಕಾಲಿಟ್ಟಿತು. ಈ ಭಾಗದ ಬಾಸೆಲ್ ಮಿಶನ್ ಸಭೆಗಳು 1968ರಲ್ಲಿ ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್ಐಗೆ ಸೇರಿದವು. 1970ರಲ್ಲಿ ಧಾರವಾಡ ಕೇಂದ್ರವಾಗಿ ಉತ್ತರ ಧರ್ಮಪ್ರಾಂತ ಹುಟ್ಟಿತು. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಸಣ್ಣದು. ಆದರೆ ಬೈಬಲನ್ನು ಹೇಗೆ ಓದಬೇಕು, ಹೇಗೆ ಹೇಳಬೇಕು ಎಂಬುದನ್ನು ಪರೀಕ್ಷಿಸಲು ಇಂಥ ನೆಲ ಸುಲಭಕ್ಕೆ ಸಿಗುವುದಿಲ್ಲ. ಬೈಬಲಿನ ಜನ ರೈತರು, ಕುರಿಗಾರರು, ಕೂಲಿಯವರು. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಿಂದ ಬ್ಯಾಡಗಿಯವರೆಗಿನ ಜನರೂ ಅವರೇ. ನಗರದ ಕೇಳುಗನಿಗೆ ಚಿತ್ರ ತೋರಿಸಿ ವಿವರಿಸಬೇಕಾದದ್ದು ಇಲ್ಲಿ ಹಿತ್ತಿಲಲ್ಲೇ ಇದೆ. ತೊಂದರೆ ಹುಟ್ಟುವುದೂ ಅಲ್ಲೇ. ಹತ್ತಿರದ್ದು ಎಂದು ಕಂಡದ್ದನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ.

ಯೇಸು ಹೇಳಿದ ಸಾಮ್ಯಗಳಲ್ಲಿ, ಅಂದರೆ ದೃಷ್ಟಾಂತಕಥೆಗಳಲ್ಲಿ, ಬಿತ್ತುವವನದ್ದನ್ನೇ ತೆಗೆದುಕೊಳ್ಳಬಹುದು. ಮತ್ತಾಯ, ಮಾರ್ಕ, ಲೂಕ ಮೂರೂ ಸುವಾರ್ತೆಗಳಲ್ಲಿರುವ ಈ ಕಥೆಯಲ್ಲಿ ದಾರಿಯಲ್ಲಿ ಬಿದ್ದ ಬೀಜ ಹಕ್ಕಿಗಳ ಪಾಲಾಗುತ್ತದೆ, ಬಂಡೆಯ ಮೇಲಿನದು ಬಿಸಿಲಿಗೆ ಬಾಡುತ್ತದೆ, ಮುಳ್ಳಿನ ನಡುವೆ ಬಿದ್ದದ್ದು ಮೇಲೇಳುವುದಿಲ್ಲ, ಹಸನಾದ ನೆಲದ್ದು ಮಾತ್ರ ಫಲ ಕೊಡುತ್ತದೆ. ರಾಣೆಬೆನ್ನೂರು ಸೀಮೆಯಲ್ಲಿ ಬಿತ್ತನೆ ಎಂದರೆ ಕೂರಿಗೆ. ಎತ್ತುಗಳ ಹಿಂದೆ ಕೂರಿಗೆ ಸಾಲು ಹಿಡಿದು ಹೋಗುತ್ತದೆ, ಹಿಂದೆ ನಡೆಯುವ ಹೆಣ್ಣುಮಗಳು ಬಟ್ಟಲಿಗೆ ಹಿಡಿಹಿಡಿ ಕಾಳು ಬಿಡುತ್ತಾಳೆ, ಕಾಳು ಕೊಳವೆಯಲ್ಲಿ ಇಳಿದು ನೇರ ಹಸಿ ಮಣ್ಣಿನೊಳಗೆ ಕೂರುತ್ತದೆ, ಮೇಲೆ ಕುಂಟೆ ಹಾಯುತ್ತದೆ. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದ್ದರೂ ಸಾಲು ಸಾಲೇ. ಹೀಗೆ ಬಿತ್ತುವವರಿಗೆ, ಅದರಲ್ಲೂ ಹೈಬ್ರಿಡ್ ಬೀಜದ ಪಾಕೀಟಿಗೆ ದುಡ್ಡು ಎಣಿಸಿಕೊಟ್ಟವರಿಗೆ, ದಾರಿಗೂ ಮುಳ್ಳಿಗೂ ಬೀಜ ಹಾಕಿದ ಈ ಮನುಷ್ಯ ತಲೆಕೆಟ್ಟವನಾಗಿ ಕಾಣುತ್ತಾನೆ. ಗಲಿಲಾಯದ ರೈತ ಬೀಜವನ್ನು ಮಡಿಲಲ್ಲಿಟ್ಟುಕೊಂಡು ಕೈಯಿಂದ ಚೆಲ್ಲುತ್ತ ನಡೆಯುತ್ತಿದ್ದ. ಹೊಲದ ನಡುವೆ ಹಾದುಹೋದ ಕಾಲುದಾರಿಗೂ ನಾಲ್ಕು ಕಾಳು ಬೀಳುವುದು ಅಲ್ಲಿ ಸಹಜ. ಇಷ್ಟನ್ನು ಹೇಳದೆ ಮುಂದೆ ಹೋದರೆ ಸಭೆಯ ಅರ್ಧ ಮನಸ್ಸು ಆ ದಾರಿಯ ಹತ್ತಿರವೇ ನಿಂತಿರುತ್ತದೆ.

ಬಂಡೆಯ ನೆಲವೆಂದರೆ ಕಲ್ಲು ಬೆರೆತ ಹೊಲವಲ್ಲ, ಹಾಸುಬಂಡೆಯ ಮೇಲೆ ತೆಳ್ಳಗೆ ಕೂತ ಮಣ್ಣು. ಎರೆ, ಮಸಾರಿ, ಗರಸು ಎಂದು ನೆಲ ನೋಡಿಯೇ ಹೇಳುವ ರೈತರಿಗೆ ಈ ವ್ಯತ್ಯಾಸ ಒಂದೇ ಮಾತಿಗೆ ಹತ್ತುತ್ತದೆ: ತೆಳು ಮಣ್ಣು ಬೇಗ ಕಾಯುವುದರಿಂದ ಮೊಳಕೆಯೂ ಬೇಗ, ಬೇರಿಗೆ ಇಳಿಯಲು ಜಾಗವಿಲ್ಲದ್ದರಿಂದ ಸಾವೂ ಬೇಗ. ಇಲ್ಲಿ ಪ್ರಸಂಗಿಗಿಂತ ಸಭೆಯೇ ಒಳ್ಳೆಯ ವ್ಯಾಖ್ಯಾನಕಾರ.

ಕಥೆಯ ಕೊನೆಯಲ್ಲಿ ಮಾತ್ರ ಇದೇ ಅನುಭವ ಕೈಕೊಡುತ್ತದೆ. ಒಳ್ಳೆಯ ನೆಲ ಮೂವತ್ತು, ಅರವತ್ತು, ನೂರರಷ್ಟು ಕೊಟ್ಟಿತು ಎಂದು ಯೇಸು ಹೇಳುವಾಗ ಅಂದಿನವರು ಹುಬ್ಬೇರಿಸಿರಬೇಕು. ಜವೆಗೋಧಿ, ಗೋಧಿ ಬೆಳೆಯುತ್ತಿದ್ದ ಆ ಒಣ ಬೇಸಾಯದಲ್ಲಿ ನೂರರಷ್ಟು ಬಂದರೆ ಅದು ದೇವರೇ ಕೈಯೆತ್ತಿ ಕೊಟ್ಟ ಬೆಳೆ. ಆದಿಕಾಂಡದಲ್ಲಿ ಇಸಾಕನಿಗೆ ಅಂಥ ಬೆಳೆ ಬಂದದ್ದನ್ನು ದೇವರ ಆಶೀರ್ವಾದವೆಂದೇ ಬರೆದಿದೆ. ಹಾವೇರಿ ಜಿಲ್ಲೆಯ ಹೊಲದ ತುಂಬ ಇರುವುದು ಗೋವಿನಜೋಳ. ಒಂದು ಕಾಳು ಒಂದು ತೆನೆ ಬಿಟ್ಟರೂ ಅದರಲ್ಲಿ ನಾಲ್ಕೈದು ನೂರು ಕಾಳು. ಅದನ್ನು ಬೆಳೆಯುವವರಿಗೆ ನೂರರಷ್ಟು ಎಂದರೆ ಬೆಳೆ ಕೆಟ್ಟ ವರ್ಷದ ಲೆಕ್ಕ! ಸಾಮ್ಯದ ತೂಕವೆಲ್ಲ ಇರುವುದು ಆ ಅಂಕಿಯಲ್ಲಿ. ಮೂರು ಪಾಲು ಬೀಜ ಹಾಳಾಯಿತೆಂದು ಕೇಳುಗ ಮರುಗುತ್ತಿರುವಾಗ ಉಳಿದ ಪಾಲು ಎಲ್ಲವನ್ನೂ ತುಂಬಿಕೊಡುತ್ತದೆ. ಅದನ್ನು ಬಿಟ್ಟ ಪ್ರಸಂಗ ‘ನೀವು ಯಾವ ನೆಲ?’ ಎಂಬ ಗದರಿಕೆಗೆ ಇಳಿದುಬಿಡುತ್ತದೆ. ಸುವಾರ್ತೆಗಳಲ್ಲೇ ಬರುವ ವಿವರಣೆಯಲ್ಲಿ ಆ ಎಚ್ಚರಿಕೆಯೂ ಇದೆ ನಿಜ. ಆದರೆ ಸುಗ್ಗಿಯನ್ನು ಮರೆತ ಎಚ್ಚರಿಕೆ ಅರ್ಧ ಕಥೆ.

ದ್ರಾಕ್ಷಿತೋಟದ ಕೂಲಿಯವರ ಸಾಮ್ಯ ಬ್ಯಾಡಗಿಯಲ್ಲಿ ಇನ್ನೊಂದು ಬಗೆಯ ಪರೀಕ್ಷೆ ಒಡ್ಡುತ್ತದೆ. ಮತ್ತಾಯನ 20ನೆಯ ಅಧ್ಯಾಯದ ಆ ಕಥೆಯಲ್ಲಿ ಬೆಳಗಿನಿಂದ ದುಡಿದವನಿಗೂ ಸಂಜೆಗೆ ಒಂದು ತಾಸಿದೆ ಎನ್ನುವಾಗ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಬ್ಯಾಡಗಿಯ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದಲ್ಲಿ ಬಿಡಿಸಿದ ಕಿಲೋ ಲೆಕ್ಕದ ಮೇಲೆ ಹಣ. ಕಣ್ಣು ಉರಿದು ಕೈ ಖಾರವಾಗುವ ಆ ದುಡಿಮೆಯಿಂದ ಎದ್ದು ಬಂದ ಹೆಂಗಸಿಗೆ ಈ ಕಥೆ ಅನ್ಯಾಯವಾಗಿ ಕೇಳಿಸಿದರೆ ಆಕೆ ಸರಿಯಾಗಿಯೇ ಕೇಳಿದ್ದಾಳೆ. ಕಥೆಯೊಳಗಿನ ಮೊದಲ ಕೂಲಿಯವರೂ ಗೊಣಗುತ್ತಾರೆ. ಪ್ರಸಂಗಿ ಆ ಸಿಟ್ಟನ್ನು ಕೃಪೆ ಎಂಬ ಪದದಿಂದ ಅವಸರದಲ್ಲಿ ಮುಚ್ಚಬಾರದು. ಒಂದು ದಿನಾರಿ ಎಂದರೆ ಒಂದು ದಿನ ಮನೆ ನಡೆಯುವಷ್ಟು ಹಣ. ಸಂಜೆಯವರೆಗೆ ಪೇಟೆಯಲ್ಲಿ ನಿಂತವರು ಸೋಮಾರಿಗಳಲ್ಲ, ಯಾರೂ ಕರೆಯದೆ ಉಳಿದವರು ಎಂದು ಕಥೆಯೇ ಹೇಳುತ್ತದೆ. ಅರ್ಧ ದಿನ ಕೆಲಸವಿಲ್ಲದೆ ನಿಂತವನ ಮಕ್ಕಳಿಗೆ ಅರ್ಧ ಹಸಿವು ಇರುವುದಿಲ್ಲ ಎಂಬ ಲೆಕ್ಕ ಕೂಲಿಯವರಿಗೆ ಯಾರೂ ಕಲಿಸಬೇಕಿಲ್ಲ. ಅದನ್ನು ನೆನಪಿಸಿದರೆ ಸಾಕು, ಯಜಮಾನನ ನಡತೆ ಬೇರೆ ಬೆಳಕಿನಲ್ಲಿ ಕಾಣುತ್ತದೆ. ನಾಳೆ ಬೆಳಿಗ್ಗೆ ಕೆಲಸಕ್ಕೆ ಯಾರು ಬಂದಾರು ಎಂಬ ಪ್ರಶ್ನೆ ಆಗಲೂ ಉಳಿಯಬಹುದು. ಉಳಿದರೆ ಉಳಿಯಲಿ.

ಕುರುಬನ ಚಿತ್ರವಂತೂ ಹಾಲುಮತದವರ ಈ ನಾಡಿಗೆ ಹೊಸದೇ ಅಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವುದನ್ನು, ರಾತ್ರಿಯೆಲ್ಲ ಕುರುಬರು ಹಿಂಡಿನ ಬಳಿಯೇ ಮಲಗುವುದನ್ನು ಕಂಡವರಿಗೆ ಯೋಹಾನನ 10ನೆಯ ಅಧ್ಯಾಯ ಮನೆಮಾತು. ಆದರೆ ಹಳೆಯ ಒಡಂಬಡಿಕೆಯಲ್ಲಿ ಕುರುಬನೆಂದರೆ ಬಹಳ ಕಡೆ ಅರಸ. ಹಿಂಡನ್ನು ಬಿಟ್ಟು ತಮ್ಮ ಹೊಟ್ಟೆ ಹೊರೆದುಕೊಂಡ ಕುರುಬರನ್ನು ಯೆಹೆಜ್ಕೇಲನು 34ನೆಯ ಅಧ್ಯಾಯದಲ್ಲಿ ತರಾಟೆಗೆ ತೆಗೆದುಕೊಳ್ಳುವುದು ದೇಶ ಆಳುವವರನ್ನು ಕುರಿತು. ಒಳ್ಳೆಯ ಕುರುಬ ನಾನೇ ಎಂಬ ಮಾತು ಆ ಹಿನ್ನೆಲೆಯಲ್ಲಿ ಬರೀ ಸಾಂತ್ವನವಾಗಿ ಉಳಿಯದೆ ಮುಖಂಡರ ಮೇಲಿನ ಆಪಾದನೆಯೂ ಆಗುತ್ತದೆ. ಕುರಿಗಳ ನಡುವೆ ಬೆಳೆದ ಓದುಗ ಇದನ್ನು ಕಳೆದುಕೊಳ್ಳುವ ಸಂಭವವೇ ಹೆಚ್ಚು.

ಹತ್ತಿರದ ಅನುಭವಕ್ಕಿಂತ ದೊಡ್ಡ ತೊಡಕು ಬಿಡಿವಚನಗಳ ರೂಢಿ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಅನೇಕ ಸಭೆಗಳು ವಾಗ್ದಾನದ ಚೀಟಿ ಹಂಚುತ್ತವೆ. ಒಂದೊಂದು ಚೀಟಿಯಲ್ಲಿ ಒಂದೊಂದು ವಚನ. ಬಂದದ್ದು ಆ ವರ್ಷಕ್ಕೆ ಆ ಮನೆಗೆ ದೇವರ ಮಾತು ಎಂಬ ನಂಬಿಕೆ. ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನ ಅಲ್ಲಿ ಎಲ್ಲರಿಗೂ ಬೇಕಾದದ್ದು. ದೇವರು ತನ್ನ ಜನಕ್ಕೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದಾನೆ ಎಂಬ ಅದರ ಸಾರವನ್ನು ಪರೀಕ್ಷೆ, ನೌಕರಿ, ಮದುವೆ ಎಲ್ಲಕ್ಕೂ ಹೊಂದಿಸುತ್ತಾರೆ. ಅದು ಇರುವುದು ಒಂದು ಕಾಗದದಲ್ಲಿ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಕಾಗದ ಅದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರಿಗೆ ಹಿತವಾದ ಮಾತು ಹೇಳಿರುತ್ತಾನೆ. ಯೆರೆಮೀಯ ಅವನನ್ನು ಸುಳ್ಳುಗಾರನೆನ್ನುತ್ತಾನೆ. ಕಾಗದದಲ್ಲಿ ಎಪ್ಪತ್ತು ವರ್ಷದ ಲೆಕ್ಕ ಕೊಟ್ಟು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಸೆರೆಯಿಟ್ಟ ಊರಿನ ಹಿತಕ್ಕೂ ಪ್ರಾರ್ಥಿಸಿರಿ ಎಂದು ತಿಳಿಸುತ್ತಾನೆ. ಕಾಗದ ಓದಿಸಿಕೊಂಡವರಲ್ಲಿ ಬಹಳ ಜನ ಆ ಬಿಡುಗಡೆ ಕಾಣದೆಯೇ ತೀರಿಹೋಗಿರಬೇಕು. ಹೊಸ ವರ್ಷದ ಚೀಟಿಯಲ್ಲಿ ಆ ವಚನಕ್ಕೆ ಬರುವ ಅರ್ಥ ಯೆರೆಮೀಯನದ್ದಕ್ಕಿಂತ ಹನನ್ಯನದ್ದಕ್ಕೆ ಹತ್ತಿರ. ಹಾಗೆಂದು ಆ ಮಾತಿನಲ್ಲಿ ಇಂದಿನವರಿಗೆ ಏನೂ ಇಲ್ಲವೆಂದಲ್ಲ. ಸಾಲಕ್ಕೆ ಸಿಕ್ಕಿ ಊರು ಬಿಟ್ಟು ಬೆಂಗಳೂರಿನ ಶೆಡ್ಡಿನಲ್ಲಿ ಉಳಿದ ಕುಟುಂಬಕ್ಕೆ ಇಡೀ ಕಾಗದ ಆ ಒಂದು ವಚನಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತದೆ.

ವಚನಗಳನ್ನು ಕಿತ್ತುಕೊಳ್ಳುವುದು ಸುಲಭವಾದದ್ದಕ್ಕೆ ಅಚ್ಚಿನ ರೂಪವೂ ಕಾರಣ. ಮೂಲ ಬರಹಗಳಲ್ಲಿ ಅಧ್ಯಾಯವೂ ಇರಲಿಲ್ಲ, ವಚನಸಂಖ್ಯೆಯೂ ಇರಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್ಟನ್ ಅವರದು. ಹೊಸ ಒಡಂಬಡಿಕೆಗೆ ವಚನಸಂಖ್ಯೆ ಕೊಟ್ಟದ್ದು 1551ರಲ್ಲಿ, ಮುದ್ರಕ ರೊಬೇರ್ ಎತಿಯೆನ್. ಹುಡುಕಲು ಅನುಕೂಲವಾಗಲೆಂದು ಹಾಕಿದ ಗುರುತುಗಳೇ ಅರ್ಥದ ಗಡಿಗಳಾಗಿಬಿಟ್ಟವು. ಆದ್ದರಿಂದ ಪ್ರಸಂಗಕ್ಕೆ ಕೂರುವವರು ಮಾಡಬೇಕಾದ ಮೊದಲ ಕೆಲಸ ಸಂಖ್ಯೆಗಳನ್ನು ಮರೆತು, ಗೊತ್ತುಮಾಡಿದ ಭಾಗದ ಹಿಂದಿನದನ್ನೂ ಮುಂದಿನದನ್ನೂ ಗಟ್ಟಿಯಾಗಿ ಓದುವುದು. ಹಳೆಯ ‘ಸತ್ಯವೇದ’ವನ್ನೂ ಈಚಿನ ಸರಳ ಅನುವಾದವೊಂದನ್ನೂ ಪಕ್ಕಪಕ್ಕ ಇಟ್ಟರೆ, ಗ್ರೀಕ್ ಹೀಬ್ರೂ ಬಾರದವರಿಗೂ ಎಲ್ಲೆಲ್ಲಿ ನಿಂತು ಯೋಚಿಸಬೇಕು ಎಂಬುದು ತಾನಾಗಿ ಕಾಣುತ್ತದೆ.

ಬರಹದ ಜಾತಿ ಗುರುತಿಸುವುದು ಎರಡನೆಯದು. ಜ್ಞಾನೋಕ್ತಿಗಳು ಗಾದೆಗಳು, ದುಡಿದವನು ಉಣ್ಣುತ್ತಾನೆ ಎನ್ನುವುದು ಸಾಮಾನ್ಯ ಅನುಭವವೇ ಹೊರತು ಕರಾರುಪತ್ರವಲ್ಲ. ಅದೇ ಬೈಬಲಿನಲ್ಲಿ ದುಡಿದೂ ಎಲ್ಲ ಕಳೆದುಕೊಂಡ ಯೋಬ ಇದ್ದಾನೆ. ಕೀರ್ತನೆಗಳು ಪ್ರಾರ್ಥನೆಗಳಾದ್ದರಿಂದ ಅಲ್ಲಿ ಸಿಟ್ಟು, ಶಾಪ, ಅಳು ಎಲ್ಲ ಬರುತ್ತವೆ. ಪ್ರಕಟನೆ ಗ್ರಂಥ ರೋಮ್ ಸಾಮ್ರಾಜ್ಯದ ಕೆಳಗೆ ನಲುಗಿದ ಏಷ್ಯಾ ಮೈನರಿನ ಏಳು ಸಭೆಗಳಿಗೆ ಸಂಕೇತಗಳಲ್ಲಿ ಬರೆದದ್ದು. ಅದನ್ನು ವಾರಪತ್ರಿಕೆಯ ಭವಿಷ್ಯದಂತೆ ಓದಿ ಲೋಕಾಂತ್ಯದ ತಾರೀಖು ಹೇಳಿದವರೆಲ್ಲ ಈವರೆಗೆ ಸೋತಿದ್ದಾರೆ.

ಕಥೆಯ ಪ್ರತಿ ವಸ್ತುವಿಗೂ ಗೂಢಾರ್ಥ ಕಟ್ಟುವ ಚಟ ಬಹಳ ಹಳೆಯದು. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಸಂತ ಅಗಸ್ಟೀನ್ ಗಾಯಗೊಂಡವನನ್ನು ಆದಾಮನೆಂದೂ ಛತ್ರವನ್ನು ಸಭೆಯೆಂದೂ ಓದಿದರು. ಚತುರ ಓದು, ಆದರೆ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ನಿರ್ಜನ ದಾರಿ, ನೋಡಿಯೂ ಆಚೆ ಬದಿಗೆ ಸರಿದುಹೋದ ಯಾಜಕ, ಜಾತಿಗೆಟ್ಟವನೆಂದು ಯೆಹೂದ್ಯರು ದೂರವಿಟ್ಟ ಸಮಾರ್ಯದವನು, ಎಲ್ಲ ಅದರಲ್ಲಿ ಕರಗಿಹೋಗುತ್ತಾರೆ. ಅದೇ ಅಗಸ್ಟೀನರು ಕ್ರೈಸ್ತ ಬೋಧನೆಯ ಕುರಿತ ಗ್ರಂಥದಲ್ಲಿ ಇಂದಿಗೂ ಸವೆಯದ ಒಂದು ಅಳತೆಗೋಲು ಕೊಟ್ಟಿದ್ದಾರೆ: ದೇವರ ಮೇಲೂ ನೆರೆಯವರ ಮೇಲೂ ಪ್ರೀತಿ ಬೆಳೆಸದ ವ್ಯಾಖ್ಯಾನ ಇನ್ನೂ ಅರ್ಥ ಹಿಡಿದಿಲ್ಲ. ಆ ಕೋಲಿನಿಂದ ಅಳೆದರೆ ಸಮಾರ್ಯದವನ ಕಥೆ ಈ ನೆಲದಲ್ಲಿ ಕೇಳಬೇಕಾದ ಪ್ರಶ್ನೆ ಗೂಢವೇನೂ ಅಲ್ಲ. ಯಾರ ಕೈಯ ನೀರು ಬೇಡವೆಂದು ಊರು ಹೇಳುತ್ತಿತ್ತೋ ಅವನ ಕೈಯಿಂದ ಬದುಕಿ ಉಳಿಯಲು ಒಪ್ಪಿಗೆ ಇದೆಯೇ? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ಬೆಳೆದ ದಲಿತ ದೈವಶಾಸ್ತ್ರ ಇಂಥ ಪ್ರಶ್ನೆಗಳನ್ನು ಪ್ರಸಂಗದ ಪೀಠಕ್ಕೆ ತಂದಿತು. ಸಭೆಯ ಬೆಂಚಿನಲ್ಲೂ ಜಾತಿ ನೋಡಿ ಕೂರುವ ಕಡೆ ಆ ಓದು ಯಾರಿಗೂ ಹಿತವಾಗಿರುವುದಿಲ್ಲ.

ಅರ್ಥ ತಿಳಿದ ಮೇಲೆ ಹೇಳುವ ಬಗೆ. ಹಾವೇರಿ ಜಿಲ್ಲೆಯ ಕೇಳುಗರು ಕಿವಿ ಪಳಗಿದವರು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ನೆಲ, ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ ಶರೀಫರದು. ಮಾಸೂರು, ಅಬಲೂರುಗಳೆರಡೂ ಸರ್ವಜ್ಞನನ್ನು ತಮ್ಮವನೆನ್ನುತ್ತವೆ. ಶ್ರಾವಣದಲ್ಲಿ ತಿಂಗಳಿಡೀ ಮಠದ ಪುರಾಣ-ಪ್ರವಚನ ಕೇಳುವ ಊರಿನಲ್ಲಿ ಬೈಬಲ್ ಪ್ರಸಂಗಿಗೆ ಸುಲಭದ ಮಾಫಿ ಇಲ್ಲ. ಇದನ್ನು ಬಾಸೆಲ್ ಮಿಶನ್ನಿನವರು ಬೇಗ ಅರಿತರು. ನಿಘಂಟುಕಾರ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದರು. ಆದರೆ ಈ ಮಾತಿನಲ್ಲಿ ಮೊದಲು ನೆನೆಯಬೇಕಾದವರು ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು. ಅವರು ಬಾಸೆಲ್ ಮಿಶನ್ನಿನ ಸಭಾಪಾಲಕರು. ಕನ್ನಡಿಗರಿಗೆ ಗೊತ್ತಿರುವುದು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಕೊಟ್ಟವರೆಂದು. ತಾಳೆಗರಿಗಳಿಂದಲೂ ಜನರ ಬಾಯಿಂದಲೂ ತ್ರಿಪದಿಗಳನ್ನು ಕೂಡಿಸಿ, ಪಾಠ ಹೋಲಿಸಿ, ವಿಷಯವಾರು ಜೋಡಿಸಿದ ಆ ಕೆಲಸಕ್ಕೂ ಬೈಬಲ್ ವ್ಯಾಖ್ಯಾನಕ್ಕೂ ಬೇಕಾದ ಶಿಸ್ತು ಒಂದೇ: ತನಗೆ ಬೇಕಾದ್ದನ್ನು ಓಲೆಯೊಳಗೆ ತುರುಕದೆ ಓಲೆಯಲ್ಲಿರುವುದನ್ನು ಓದುವುದು. ಶರಣರ ವಚನಗಳನ್ನೂ ಸಂಪಾದಿಸಿದ ಈ ಪಾದ್ರಿ 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನೆರೆಯವರ ಗ್ರಂಥವನ್ನು ಗೌರವದಿಂದ ಓದಬಲ್ಲವರು ತಮ್ಮದನ್ನೂ ಎಚ್ಚರದಿಂದ ಓದುತ್ತಾರೆ ಎಂಬುದಕ್ಕೆ ಉತ್ತಂಗಿಯವರಿಗಿಂತ ದೊಡ್ಡ ಸಾಕ್ಷಿ ಕನ್ನಡ ಕ್ರೈಸ್ತರಲ್ಲಿಲ್ಲ.

ಉತ್ತಂಗಿಯವರಂಥವರ ಕನ್ನಡ ಈಗಿನ ಅನೇಕ ಪೀಠಗಳಲ್ಲಿ ಕೇಳಿಸುವುದಿಲ್ಲ. ಯೂಟ್ಯೂಬಿನ ಇಂಗ್ಲಿಷ್ ಪ್ರಸಂಗ ಕೇಳಿ ಕಟ್ಟಿದ ಮಾತು ‘ಒಂದು ವಿಷಯವನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಇಷ್ಟಪಡುತ್ತೇನೆ’ ಎಂದು ಶುರುವಾಗಿ, ಒಂದೇ ಅಕ್ಷರದಿಂದ ಮೊದಲಾಗುವ ಮೂರು ಪಾಯಿಂಟುಗಳಲ್ಲಿ ಸಾಗಿ, ನಡುವೆ ತೋಚದಾಗಲೆಲ್ಲ ಒಂದು ಹಲ್ಲೆಲೂಯ ಹೇಳಿಸಿ ಮುಗಿಯುತ್ತದೆ. ಸುವಾರ್ತೆಯ ಕಥೆಗಳು ಪಾಯಿಂಟುಗಳಾಗಿ ಬಂದವಲ್ಲ. ಕಥೆ ಯಾವ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತದೋ ಅದೇ ಕ್ರಮದಲ್ಲಿ, ಯಾರು ಯಾರಿಗೆ ಯಾಕೆ ಹೇಳಿದರು ಎಂಬುದನ್ನು ಹಿಡಿದು ಹೇಳಿದರೆ ಮರೆಯದೆ ಉಳಿಯುತ್ತದೆ. ಅಮೆರಿಕದ ಹ್ಯಾಡನ್ ರಾಬಿನ್ಸನ್ 1980ರಲ್ಲಿ ಬರೆದ ಪಠ್ಯದಲ್ಲಿ ಒಂದು ಪ್ರಸಂಗಕ್ಕೆ ಒಂದೇ ಮುಖ್ಯ ವಿಚಾರ ಸಾಕು ಎಂದು ಒತ್ತಿ ಹೇಳಿದರು. ಆ ವಿಚಾರವನ್ನು ಒಂದು ವಾಕ್ಯದಲ್ಲಿ, ಮನೆಯಲ್ಲಿ ಆಡುವ ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಪ್ರಸಂಗ ಇನ್ನೂ ಸಿದ್ಧವಾಗಿಲ್ಲ.

ಉದ್ದದ ಬಗ್ಗೆ ಸಭೆಗಳಲ್ಲಿ ಒಮ್ಮತವಿಲ್ಲ. ಪೋಪ್ ಫ್ರಾನ್ಸಿಸ್ 2024ರಲ್ಲಿ ಪ್ರಬೋಧನೆ ಎಂಟು ನಿಮಿಷ ಮೀರಬಾರದು ಎಂದರು. ಉಪವಾಸಕೂಟಗಳಲ್ಲಿ ಎರಡು ತಾಸು ವಾಕ್ಯ ಹೇಳುವವರಿದ್ದಾರೆ. ಬಯಲಾಟಕ್ಕೆ ರಾತ್ರಿಯಿಡೀ ಕೂತ ಜನಕ್ಕೆ ಹೊತ್ತು ತೊಂದರೆಯಲ್ಲ. ಹೇಳಿದ್ದನ್ನೇ ಹೇಳುವುದು ತೊಂದರೆ.

ಹಳ್ಳಿಗಳಲ್ಲಿ ಇನ್ನೊಂದು ಪ್ರಾಯೋಗಿಕ ಕಷ್ಟವಿದೆ. ಒಬ್ಬ ಅಯ್ಯನವರು ಹಲವು ಸಭೆ ನೋಡಿಕೊಳ್ಳುವ ಕಡೆ ಎಷ್ಟೋ ಭಾನುವಾರ ಪ್ರಸಂಗ ಬೀಳುವುದು ಹಿರಿಯರೊಬ್ಬರ, ಶಾಲಾ ಮಾಸ್ತರರ, ಇಲ್ಲವೆ ಹೆಣ್ಣುಮಗಳೊಬ್ಬಳ ಹೆಗಲಿಗೆ. ಬಾಸೆಲ್ ಮಿಶನ್ ಕಾಲದ ಉಪದೇಶಿಗಳೂ ಇಂಥವರೇ. ಮಂಗಳೂರಿನ ಬಲ್ಮಠದಲ್ಲಿ 1965ರಿಂದ ನಡೆಯುತ್ತಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಪೂರ್ಣಾವಧಿ ಸೇವಕರನ್ನು ತಯಾರು ಮಾಡುತ್ತದೆ. ಮನೆಯಲ್ಲಿದ್ದುಕೊಂಡೇ ದೈವಶಾಸ್ತ್ರ ಕಲಿಯುವವರಿಗೆ 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಫ್ಟಿ ಸಂಸ್ಥೆ ಇದೆ. ಅದಕ್ಕೂ ಅಗ್ಗದ ಉಪಾಯವೆಂದರೆ ವಾರದ ನಡುವೆ, ಮನೆಕೂಟದಲ್ಲಿ, ಬರುವ ಭಾನುವಾರದ ಭಾಗವನ್ನು ಮೊದಲೇ ಎಲ್ಲರೂ ಕೂಡಿ ಓದುವುದು. ಪ್ರಸಂಗ ಮಾಡುವವರು ಅಂದು ಬಾಯಿ ಬಿಡಬಾರದು, ಬರೆದುಕೊಳ್ಳಬೇಕು. ಬಿತ್ತುವವ ದಾರಿಗೆ ಯಾಕೆ ಬೀಜ ಹಾಕಿದ, ಯಜಮಾನ ಮೊದಲು ಬಂದವರಿಗೆ ಕೂಲಿ ಯಾಕೆ ಕೊನೆಗೆ ಕೊಟ್ಟ ಎಂಬಂಥ ಪ್ರಶ್ನೆಗಳು ಹೊರಗೆ ಬೀಳುವುದು ಅಲ್ಲಿ. ಶನಿವಾರದವರೆಗೆ ಅವಕ್ಕೆ ಉತ್ತರ ಹುಡುಕಲು ಹೊತ್ತು ಸಿಗುತ್ತದೆ, ಉತ್ತರ ಸಿಗದ ಪ್ರಶ್ನೆಯನ್ನು ಹಾಗೆಯೇ ಸಭೆಯ ಮುಂದಿಡಲೂ ಬರುತ್ತದೆ.